ಪೆನ್‌ಡ್ರೈವ್ ತೆಗೆದಾಗ ಫೈಲ್ ಮ್ಯಾನೇಜರ್ ಮುಚ್ಚಿಕೊಳ್ಳುವುದೇಕೆ?

ಈ ಬಾರಿ ಬಂದ ಪತ್ರಗಳಲ್ಲಿ ಐದು, ಯುಎಸ್‌ಬಿ ಮೂಲಕ ಜೋಡಿಸುವ ಪೆನ್‌ಡ್ರೈವ್ ಮತ್ತು ಹಾರ್ಡ್ ಡಿಸ್ಕ್‌ಗಳನ್ನು ತೆಗೆಯುವಾಗ ಎದುರಾಗುವ ತೊಂದರೆಗಳನ್ನೇ ಕುರಿತವಾಗಿದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಉತ್ತರ ದೀರ್ಘವಾಗಿದೆ. ಉಳಿದ ಉತ್ತರಗಳು ಅದನ್ನೇ ಆಧರಿಸಿವೆ.

ಪ್ರಶ್ನೆ: ನಾನು ಲಿನಕ್ಸ್‌ನಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪನ್ನೂ ಅದರೊಂದಿಗೆ ಬರುವ ಥುನಾರ್ ಫೈಲ್ ಮ್ಯಾನೇಜರನ್ನೂ ಬಳಸುತ್ತೇನೆ. ಪೆನ್‌ಡ್ರೈವ್‌ನ ಫೋಲ್ಡರ್ ತೆರೆದಿರುವಾಗಲೇ ಪಕ್ಕದ ಪಟ್ಟಿಯಲ್ಲಿರುವ ಇಜೆಕ್ಟ್ ಗುರುತನ್ನು ಒತ್ತಿದರೆ, ಹತ್ತರಲ್ಲಿ ಎರಡು ಮೂರು ಸಲ ಆ ಕಿಟಕಿಯಷ್ಟೇ ಅಲ್ಲದೆ ತೆರೆದಿದ್ದ ಎಲ್ಲ ಫೋಲ್ಡರ್ ಕಿಟಕಿಗಳೂ ಒಮ್ಮೆಗೇ ಮಾಯವಾಗುತ್ತವೆ. ಮತ್ತೆ ತೆರೆದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ನನ್ನ ಕಡತಗಳಿಗೆ ಅಪಾಯವಿದೆಯೇ? ಪೆನ್‌ಡ್ರೈವ್ ಕೆಟ್ಟಿದೆಯೇ? ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನೆಯೇ?

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಕಡತಗಳ ಚಿಂತೆಯೇ ಆಗಿರಬೇಕಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಪೆನ್‌ಡ್ರೈವ್‌ನ ಮೇಲೆ ನಿಜವಾಗಿ ಬರೆಯುವ ಕೆಲಸ ಫೈಲ್ ಮ್ಯಾನೇಜರ್‌ನದಲ್ಲ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನದು. ಇಷ್ಟು ದತ್ತಾಂಶವನ್ನು ಇಂಥ ಕಡತಕ್ಕೆ ಸೇರಿಸಬೇಕೆಂದು ಫೈಲ್ ಮ್ಯಾನೇಜರ್ ಕೋರಿಕೆ ಸಲ್ಲಿಸುತ್ತದೆ. ಕರ್ನೆಲ್ ಅದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಪೆನ್‌ಡ್ರೈವ್‌ಗೆ ರವಾನಿಸುತ್ತದೆ. ಹೀಗೆ ಒಮ್ಮೆ ಕರ್ನೆಲ್‌ನ ವಶಕ್ಕೆ ಬಂದ ದತ್ತಾಂಶವು, ಕೋರಿಕೆ ಸಲ್ಲಿಸಿದ ತಂತ್ರಾಂಶ ಆಮೇಲೆ ಕುಸಿದುಬಿದ್ದರೂ ಕಳೆದುಹೋಗುವುದಿಲ್ಲ. ಇಜೆಕ್ಟ್ ಒತ್ತಿದಾಗ ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡುವ, ಅಂದರೆ ಬಾಕಿ ಬರವಣಿಗೆಯನ್ನು ಮುಗಿಸಿ ಅದನ್ನು ವ್ಯವಸ್ಥೆಯಿಂದ ಬೇರ್ಪಡಿಸುವ ಕೆಲಸವೂ ಥುನಾರ್‌ನ ಹೊರಗೆ, ಯುಡಿಸ್ಕ್ಸ್ ಎಂಬ ಬೇರೆಯೇ ಸೇವೆಯ ಮೂಲಕ ನಡೆಯುತ್ತದೆ. ಆದ್ದರಿಂದ ಅನ್‌ಮೌಂಟ್ ಮುಗಿದ ಬಳಿಕ ಕಿಟಕಿಗಳು ಮಾಯವಾಗುತ್ತಿದ್ದರೆ ನಿಮ್ಮ ಕಡತಗಳು ಕ್ಷೇಮವಾಗಿವೆ ಎಂದೇ ತಿಳಿಯಬಹುದು.

ಆದರೆ ಇದಕ್ಕೆ ಒಂದು ಗಂಭೀರವಾದ ಅಪವಾದವಿದೆ. ಅದೇ ಥುನಾರ್‌ನ ಇನ್ನೊಂದು ಕಿಟಕಿಯಲ್ಲಿ ಬೇರೊಂದು ನಕಲು ನಡೆಯುತ್ತಿದ್ದರೆ, ಅಂದರೆ ನೀವು ಒಂದು ಪೆನ್‌ಡ್ರೈವನ್ನು ತೆಗೆಯುತ್ತಿರುವಾಗ ಇನ್ನೊಂದು ಡಿಸ್ಕ್‌ಗೆ ಚಿತ್ರಗಳು ನಕಲಾಗುತ್ತಿದ್ದರೆ, ಆ ನಕಲು ಅಲ್ಲಿಗೇ ತುಂಡಾಗುತ್ತದೆ. ಏಕೆಂದರೆ ಒಂದು ಕಡೆಯಿಂದ ಓದಿ ಇನ್ನೊಂದು ಕಡೆಗೆ ಬರೆಯುವಂತೆ ಕರ್ನೆಲ್‌ಗೆ ಸತತವಾಗಿ ಕೋರಿಕೆ ಸಲ್ಲಿಸುತ್ತಿದ್ದುದು ಈಗ ಕುಸಿದ ತಂತ್ರಾಂಶವೇ. ಅರ್ಧ ಬರೆದ ಕಡತವೊಂದು ಅಲ್ಲೇ ಉಳಿದಿರುತ್ತದೆ, ಅದರ ಹೆಸರು ಮಾತ್ರ ಪೂರ್ಣ ಕಡತದ್ದೇ ಆಗಿರಬಹುದು. ಎಲ್ಲ ಕಿಟಕಿಗಳೂ ಮುಚ್ಚಿಕೊಂಡಾಗ ನೀವು ಮೊದಲು ನೋಡಬೇಕಾದದ್ದು ತೆಗೆದ ಪೆನ್‌ಡ್ರೈವನ್ನಲ್ಲ, ಆ ಹೊತ್ತಿನಲ್ಲಿ ಬೇರೆಲ್ಲಾದರೂ ನಡೆಯುತ್ತಿದ್ದ ನಕಲನ್ನು.

ಈಗ ಕಾರಣಕ್ಕೆ ಬರೋಣ. ಪೆನ್‌ಡ್ರೈವ್ ಹೋದ ಸುದ್ದಿ ಥುನಾರ್‌ಗೆ ನೇರವಾಗಿ ತಲುಪುವುದಿಲ್ಲ. ಕರ್ನೆಲ್ ಅದನ್ನು ಮೊದಲು ಗಮನಿಸಿ ಸಾಧನಗಳು ಬಂದುಹೋಗುವುದನ್ನು ನೋಡಿಕೊಳ್ಳುವ ಯುಡೆವ್ ಎಂಬ ಸೇವೆಗೆ ತಿಳಿಸುತ್ತದೆ. ಅಲ್ಲಿಂದ ಯುಡಿಸ್ಕ್ಸ್, ಆಮೇಲೆ ಡಿ-ಬಸ್ ಎಂಬ ಸಂದೇಶವಾಹಕದ ಮೂಲಕ, ಫೈಲ್ ಮ್ಯಾನೇಜರ್‌ಗಳಿಗೆ ಡಿಸ್ಕ್‌ಗಳ ಮಾಹಿತಿ ಒದಗಿಸುವ ಜಿವಿಎಫ್‌ಎಸ್, ಕೊನೆಗೆ ಥುನಾರ್. ಸುದ್ದಿ ಕೈಸೇರಿದಾಗ ಥುನಾರ್ ಹಲವು ಕೆಲಸಗಳನ್ನು ಬೇಗಬೇಗನೆ ಮುಗಿಸಬೇಕಾಗುತ್ತದೆ: ಪಕ್ಕದ ಪಟ್ಟಿಯಿಂದ ಆ ಸಾಲನ್ನು ಅಳಿಸಬೇಕು, ಆ ಪೆನ್‌ಡ್ರೈವ್‌ನೊಳಗೆ ನಿಂತಿರುವ ಪ್ರತಿಯೊಂದು ಕಿಟಕಿಯನ್ನೂ ಟ್ಯಾಬನ್ನೂ ಬೇರೆ ಫೋಲ್ಡರ್‌ಗೆ ಕರೆದೊಯ್ಯಬೇಕು, ಆ ಫೋಲ್ಡರ್‌ಗಳಲ್ಲಾಗುವ ಬದಲಾವಣೆಗಳನ್ನು ಗಮನಿಸಲು ಇಟ್ಟಿದ್ದ ಕಾವಲನ್ನು ತೆಗೆಯಬೇಕು, ಚಿತ್ರಗಳ ಕಿರುನೋಟಕ್ಕಾಗಿ ಕಳುಹಿಸಿದ್ದ ಕೋರಿಕೆಗಳನ್ನು ರದ್ದುಮಾಡಬೇಕು, ಫೋಲ್ಡರ್‌ನ ಗಾತ್ರವನ್ನು ಎಣಿಸುತ್ತಿದ್ದ ಹಿನ್ನೆಲೆಯ ಕೆಲಸವನ್ನು ನಿಲ್ಲಿಸಬೇಕು. ಇವೆಲ್ಲವೂ ಆ ಫೋಲ್ಡರನ್ನು ಪ್ರತಿನಿಧಿಸುವ, ಮೆಮೊರಿಯಲ್ಲಿರುವ ಒಂದೇ ದಾಖಲೆಯನ್ನು ಹಿಡಿದುಕೊಂಡಿರುತ್ತವೆ.

ತೊಂದರೆ ಹುಟ್ಟುವುದು ಇಲ್ಲಿಯೇ. ಒಂದು ಭಾಗವು ಈ ಫೋಲ್ಡರ್ ಹೋಯಿತೆಂದು ಆ ದಾಖಲೆಯನ್ನು ಮೆಮೊರಿಯಿಂದ ಅಳಿಸಿದ ಮೇಲೆ, ತಡವಾಗಿ ಬಂದ ಇನ್ನೊಂದು ಭಾಗವು ಅದೇ ಹಳೆಯ ವಿಳಾಸವನ್ನು ಹಿಡಿದು ಹೋಗುತ್ತದೆ. ಕೆಡವಿದ ಮನೆಯ ಬಾಗಿಲನ್ನು ತಟ್ಟಲು ಹೋದಂತೆ. ಆ ವಿಳಾಸದಲ್ಲಿ ಹಳೆಯ ದತ್ತಾಂಶ ಇನ್ನೂ ಹಾಗೆಯೇ ಉಳಿದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಲ್ಲಿ ಬೇರೆ ಏನಾದರೂ ಬಂದು ಕುಳಿತಿದ್ದರೆ, ಅದನ್ನು ನಂಬಿ ಮುಂದುವರಿದ ತಂತ್ರಾಂಶವು ತನಗೆ ಸೇರದ ಮೆಮೊರಿಯನ್ನು ಮುಟ್ಟಲು ಹೋಗುತ್ತದೆ, ಮತ್ತು ಕರ್ನೆಲ್ ಅದಕ್ಕೆ 11ನೇ ಸಂಖ್ಯೆಯ ಸಂಕೇತವನ್ನು ಕಳುಹಿಸಿ ಅದನ್ನು ಅಲ್ಲಿಯೇ ಕೊನೆಗೊಳಿಸುತ್ತದೆ. ಸೆಗ್ಮೆಂಟೇಶನ್ ಫಾಲ್ಟ್ ಎಂದು ಟರ್ಮಿನಲ್‌ನಲ್ಲಿ ಕಾಣುವುದು ಇದೇ. ನಿಮಗೆ ಹತ್ತರಲ್ಲಿ ಎರಡು ಮೂರು ಸಲ ಮಾತ್ರ ಹೀಗಾಗುವುದು ಈ ವಿವರಣೆಗೆ ಸರಿಯಾಗಿ ಹೊಂದುತ್ತದೆ: ಯಾವ ಭಾಗ ಮೊದಲು ಮುಗಿಸುತ್ತದೆ ಎಂಬುದು ಮಿಲಿಸೆಕೆಂಡುಗಳ ಅಂತರದಲ್ಲಿ ನಿರ್ಧಾರವಾಗುತ್ತದೆ. ಪೆನ್‌ಡ್ರೈವ್ ಕೆಟ್ಟಿದ್ದರೆ ಓದುವಾಗಲೋ ಬರೆಯುವಾಗಲೋ ದೋಷದ ಸಂದೇಶಗಳು ಬರುತ್ತಿದ್ದವು. ತೆಗೆಯುವ ಕ್ಷಣಕ್ಕೆ ಮಾತ್ರ ಸೀಮಿತವಾದ ಈ ಕುಸಿತವು ಬಹುಪಾಲು ತಂತ್ರಾಂಶದ ದೋಷವೇ ಹೊರತು ಯಂತ್ರಾಂಶದ್ದಲ್ಲ, ನಿಮ್ಮದಂತೂ ಖಂಡಿತ ಅಲ್ಲ. ಬಳಕೆದಾರರು ಪೆನ್‌ಡ್ರೈವನ್ನು ಇದ್ದಕ್ಕಿದ್ದಂತೆ ಎಳೆದರೂ ಫೈಲ್ ಮ್ಯಾನೇಜರ್ ಕುಸಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜೋಡಿಸಿದ್ದನ್ನು ಚಾಲನೆಯಲ್ಲಿರುವಾಗಲೇ ಕಳಚಬಹುದಾದ ವ್ಯವಸ್ಥೆಯಾಗಿಯೇ ಯುಎಸ್‌ಬಿ 1996ರಿಂದಲೂ ಇದೆ.

ಎಲ್ಲ ಕಿಟಕಿಗಳೂ ಒಟ್ಟಿಗೆ ಹೋಗುವುದಕ್ಕೆ ಕಾರಣ ಸರಳ. ಥುನಾರ್‌ನಲ್ಲಿ ಎಷ್ಟು ಕಿಟಕಿಗಳನ್ನು ತೆರೆದರೂ ಅವೆಲ್ಲವೂ ಒಂದೇ ಪ್ರೋಸೆಸ್‌ಗೆ, ಅಂದರೆ ಓಡುತ್ತಿರುವ ತಂತ್ರಾಂಶದ ಒಂದೇ ಪ್ರತಿಗೆ ಸೇರಿರುವುದರಿಂದ, ಅದು ಕುಸಿದರೆ ಎಲ್ಲವೂ ಹೋಗುತ್ತವೆ.

ದೋಷ ಸರಿಹೋಗುವವರೆಗೆ ಮಾಡಬಹುದಾದದ್ದೇನು ಎಂದರೆ, ಇಜೆಕ್ಟ್ ಒತ್ತುವ ಮುನ್ನ ಪೆನ್‌ಡ್ರೈವ್‌ನೊಳಗಿರುವ ಪ್ರತಿಯೊಂದು ಟ್ಯಾಬನ್ನೂ ನಿಮ್ಮ ಹೋಮ್ ಫೋಲ್ಡರ್‌ಗೆ ಕರೆದೊಯ್ದು, ಒಂದೆರಡು ಕ್ಷಣ ತಾಳಿ, ಆಮೇಲೆ ಒತ್ತುವುದು. ಇದರಿಂದ ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವು ಪೆನ್‌ಡ್ರೈವ್ ಹೋಗುವ ಮೊದಲೇ ನಿಧಾನವಾಗಿ ಮುಗಿದಿರುತ್ತವೆ. ಪಕ್ಕದ ಪಟ್ಟಿಯನ್ನು ಮರದ ಆಕಾರದಲ್ಲಿ ಇಟ್ಟುಕೊಂಡಿದ್ದರೆ ಅದನ್ನು ಸಾಮಾನ್ಯ ಪಟ್ಟಿಗೆ ಬದಲಿಸಿ ನೋಡಿ. ಆದ್ಯತೆಗಳಲ್ಲಿ ಕಿರುನೋಟಗಳನ್ನು ತಾತ್ಕಾಲಿಕವಾಗಿ ಪೂರ್ತಿ ನಿಲ್ಲಿಸಿ ನೋಡಿ. ಕುಸಿತವೂ ನಿಂತರೆ ದೋಷ ಎಲ್ಲಿದೆ ಎಂಬುದರ ಸುಳಿವೂ ಸಿಕ್ಕಂತಾಗುತ್ತದೆ. ಹೆಚ್ಚುವರಿ ಪ್ಲಗಿನ್‌ಗಳನ್ನು ಹಾಕಿಕೊಂಡಿದ್ದರೆ ಅವನ್ನೂ ತೆಗೆದು ಪರೀಕ್ಷಿಸಬೇಕು, ಏಕೆಂದರೆ ಪ್ಲಗಿನ್ ಕೂಡ ಅದೇ ಪ್ರೋಸೆಸ್‌ನೊಳಗೆ ಓಡುವುದರಿಂದ ಅದರ ತಪ್ಪಿಗೆ ಇಡೀ ಫೈಲ್ ಮ್ಯಾನೇಜರ್ ಬಲಿಯಾಗುತ್ತದೆ. ಟರ್ಮಿನಲ್ ಬಳಸಲು ಅಭ್ಯಂತರವಿಲ್ಲದವರು ಯುಡಿಸ್ಕ್ಸ್‌ಸಿಟಿಎಲ್ ಆದೇಶದಿಂದ ಮೊದಲು ಅನ್‌ಮೌಂಟ್ ಮಾಡಿ, ಅನಂತರ ಅದೇ ಆದೇಶದ ಪವರ್-ಆಫ್ ಆಯ್ಕೆಯಿಂದ ಸಾಧನಕ್ಕೆ ಹೋಗುವ ವಿದ್ಯುತ್ತನ್ನು ನಿಲ್ಲಿಸಬಹುದು. ತಿರುಗುವ ತಟ್ಟೆಯಿರುವ ಹಾರ್ಡ್ ಡಿಸ್ಕ್‌ಗಳಿಗೆ ಈ ಎರಡನೆಯ ಹೆಜ್ಜೆ ಬಹಳ ಒಳ್ಳೆಯದು, ಏಕೆಂದರೆ ತಟ್ಟೆ ನಿಂತು ಓದುವ ತಲೆ ತನ್ನ ಜಾಗಕ್ಕೆ ಮರಳಿದ ಮೇಲೆಯೇ ನೀವು ಅದನ್ನು ಕೈಗೆತ್ತಿಕೊಂಡಂತಾಗುತ್ತದೆ.

ದಯವಿಟ್ಟು ಇಷ್ಟಕ್ಕೇ ಬಿಡದೆ ದೋಷವನ್ನು ಅಭಿವೃದ್ಧಿಪಡಿಸುವವರಿಗೆ ವರದಿ ಮಾಡಿ. ಪೆನ್‌ಡ್ರೈವ್ ತೆಗೆದರೆ ಕ್ರ್ಯಾಶ್ ಆಗುತ್ತದೆ ಎಂಬ ಒಂದು ಸಾಲಿನಿಂದ ಅವರಿಗೆ ಏನೂ ಸಹಾಯವಾಗದು, ಏಕೆಂದರೆ ಅವರ ಕಂಪ್ಯೂಟರಿನಲ್ಲಿ ಅದು ಆಗುವುದಿಲ್ಲ. ಅವರಿಗೆ ಬೇಕಾದದ್ದು ಕುಸಿತದ ಕ್ಷಣದಲ್ಲಿ ತಂತ್ರಾಂಶದ ಯಾವ ಭಾಗ ಯಾವುದನ್ನು ಕರೆದಿತ್ತು ಎಂಬ ಸರಣಿ, ಅಂದರೆ ಬ್ಯಾಕ್‌ಟ್ರೇಸ್. ಹಿನ್ನೆಲೆಯ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಇರುವ ಲಿನಕ್ಸ್ ಆವೃತ್ತಿಗಳಲ್ಲಿ ಕೋರ್‌ಡಂಪ್‌ಸಿಟಿಎಲ್ ಎಂಬ ಆದೇಶ ಇದ್ದರೆ ಕುಸಿತಗಳ ದಾಖಲೆ ಅದರಲ್ಲಿ ಸಿಗುತ್ತದೆ. ಇಲ್ಲವಾದರೆ ಥುನಾರನ್ನು ಪೂರ್ತಿ ನಿಲ್ಲಿಸಿ, ಜಿಡಿಬಿ ಎಂಬ ದೋಷಶೋಧಕದೊಳಗಿಂದ ಅದನ್ನು ಆರಂಭಿಸಿ, ಕುಸಿತವನ್ನು ಬೇಕೆಂದೇ ಮರುಕಳಿಸಬೇಕು. ಡೀಬಗ್ ಸಂಕೇತಗಳ ಪ್ಯಾಕೇಜನ್ನು ಮೊದಲೇ ಹಾಕಿಕೊಳ್ಳದಿದ್ದರೆ ಬ್ಯಾಕ್‌ಟ್ರೇಸ್‌ನಲ್ಲಿ ಫಂಕ್ಷನ್‌ಗಳ ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳೇ ತುಂಬಿಕೊಂಡು ಶ್ರಮವೆಲ್ಲ ವ್ಯರ್ಥವಾಗುತ್ತದೆ. ಥುನಾರ್ ಮತ್ತು ಜಿವಿಎಫ್‌ಎಸ್‌ಗಳ ಆವೃತ್ತಿ ಸಂಖ್ಯೆ, ಎಷ್ಟು ಟ್ಯಾಬ್‌ಗಳು ತೆರೆದಿದ್ದವು, ಪಕ್ಕದ ಪಟ್ಟಿ ಯಾವ ಬಗೆಯದು, ಇಜೆಕ್ಟ್ ಒತ್ತಿದಾಗಲೋ ಸಾಧನವನ್ನು ಎಳೆದಾಗಲೋ ಎಂಬುದನ್ನು ತಪ್ಪದೆ ಬರೆಯಿರಿ. ಇವುಗಳಲ್ಲಿ ಕೊನೆಯದು ಅತಿ ಮುಖ್ಯ: ಇಜೆಕ್ಟ್ ಒತ್ತಿದಾಗ ಅನ್‌ಮೌಂಟ್ ಆಗಲಿದೆ ಎಂಬ ಮುನ್ಸೂಚನೆ ಫೈಲ್ ಮ್ಯಾನೇಜರ್‌ಗೆ ಮೊದಲೇ ಬರುತ್ತದೆ, ಎಳೆದಾಗ ಬರುವುದಿಲ್ಲ, ಹೀಗಾಗಿ ಎರಡು ಸಂದರ್ಭಗಳಲ್ಲಿ ಓಡುವ ತಂತ್ರಾಂಶದ ಭಾಗವೇ ಬೇರೆ. ಕೋರ್ ಡಂಪ್ ಕಡತವನ್ನು ಮಾತ್ರ ಸಾರ್ವಜನಿಕವಾಗಿ ಲಗತ್ತಿಸಬೇಡಿ. ಅದರಲ್ಲಿ ಆ ಹೊತ್ತಿನ ಮೆಮೊರಿಯೇ ಇರುವುದರಿಂದ ನಿಮ್ಮ ಖಾಸಗಿ ಕಡತಗಳ ಹೆಸರುಗಳು ಬೇರೆಯವರ ಕಣ್ಣಿಗೆ ಬೀಳಬಹುದು. ಬ್ಯಾಕ್‌ಟ್ರೇಸ್‌ನ ಪಠ್ಯವನ್ನು ಒಮ್ಮೆ ಓದಿ ನೋಡಿ ಅದನ್ನಷ್ಟೇ ಕಳುಹಿಸಿದರೆ ಸಾಕು.

ಪ್ರಶ್ನೆ: ವಿಂಡೋಸ್ ಎಕ್ಸ್‌ಪ್ಲೋರರ್‌ನಲ್ಲೂ ನನಗೆ ಇದೇ ಅನುಭವವಾಗಿದೆ. ಹೊರ ಹಾರ್ಡ್ ಡಿಸ್ಕ್ ತೆಗೆದೊಡನೆ ಪರದೆಯ ಕೆಳಗಿನ ಟಾಸ್ಕ್‌ಬಾರ್ ಕೂಡ ಒಂದು ಕ್ಷಣ ಕಾಣೆಯಾಗಿ ಮತ್ತೆ ಬರುತ್ತದೆ. ಏಕೆ?

ಉತ್ತರ: ವಿಂಡೋಸ್‌ನಲ್ಲಿ ಟಾಸ್ಕ್‌ಬಾರನ್ನೂ ಡೆಸ್ಕ್‌ಟಾಪನ್ನೂ ಚಿತ್ರಿಸುವುದು ಎಕ್ಸ್‌ಪ್ಲೋರರ್ ಪ್ರೋಸೆಸ್ಸೇ, ಅದು ಕುಸಿದರೆ ಅವೂ ಹೋಗುತ್ತವೆ, ವ್ಯವಸ್ಥೆ ಅದನ್ನು ತಾನಾಗಿಯೇ ಮತ್ತೆ ಆರಂಭಿಸಿದಾಗ ಅವೂ ಮರಳುತ್ತವೆ. ಮರಳದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು ಅಲ್ಲಿಂದ ಎಕ್ಸ್‌ಪ್ಲೋರರನ್ನು ಹೊಸದಾಗಿ ಆರಂಭಿಸಬಹುದು. ಫೋಲ್ಡರ್ ಆಯ್ಕೆಗಳಲ್ಲಿ ಫೋಲ್ಡರ್ ಕಿಟಕಿಗಳನ್ನು ಪ್ರತ್ಯೇಕ ಪ್ರೋಸೆಸ್‌ನಲ್ಲಿ ತೆರೆಯುವ ಸೌಲಭ್ಯವಿದೆ. ಅದನ್ನು ಸಕ್ರಿಯಗೊಳಿಸಿದರೆ ಫೋಲ್ಡರ್ ಕಿಟಕಿ ಕುಸಿದರೂ ಟಾಸ್ಕ್‌ಬಾರ್ ಉಳಿಯುತ್ತದೆ.

ಕಾರಣವನ್ನು ಹುಡುಕಲು ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ದೋಷ ದಾಖಲೆಯನ್ನು ನೋಡಿ. ಅದರಲ್ಲಿ ಕುಸಿದ ತಂತ್ರಾಂಶದ ಹೆಸರಿನ ಜೊತೆಗೆ ಯಾವ ಮಾಡ್ಯೂಲ್‌ನೊಳಗೆ ಕುಸಿಯಿತು ಎಂಬುದೂ ಬರೆದಿರುತ್ತದೆ. ಆ ಮಾಡ್ಯೂಲ್ ವಿಂಡೋಸ್‌ನದಲ್ಲದೆ ಬೇರೆ ತಂತ್ರಾಂಶದ್ದಾಗಿದ್ದರೆ, ಉದಾಹರಣೆಗೆ ಬಲ ಕ್ಲಿಕ್ ಮಾಡಿದಾಗ ಕಾಣುವ ಪಟ್ಟಿಗೆ ತನ್ನ ಸಾಲನ್ನು ಸೇರಿಸುವ ಸಂಕೋಚನ ತಂತ್ರಾಂಶವೋ, ಐಕಾನ್‌ಗಳ ಮೇಲೆ ಪುಟ್ಟ ಗುರುತು ಹಾಕುವ ಸಿಂಕ್ ತಂತ್ರಾಂಶವೋ ಆಗಿದ್ದರೆ, ಅದನ್ನು ನವೀಕರಿಸಿ ಅಥವಾ ಕೆಲವು ದಿನ ತೆಗೆದುಹಾಕಿ ನೋಡಿ.

ಪ್ರಶ್ನೆ: ಈಗ ಸುರಕ್ಷಿತವಾಗಿ ತೆಗೆಯುವ ಆಯ್ಕೆಯನ್ನು ಬಳಸಬೇಕಾಗಿಯೇ ಇಲ್ಲ, ನೇರವಾಗಿ ಎಳೆದರಾಯಿತು ಎಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ಒಂದು ವ್ಯವಸ್ಥೆಯಲ್ಲಿ, ಒಂದು ಮಿತಿಯಲ್ಲಿ ಮಾತ್ರ ನಿಜ. ವಿಂಡೋಸ್ 10ರ 1809ನೇ ಆವೃತ್ತಿಯಿಂದ, ಅಂದರೆ 2018ರಿಂದ, ಹೊರ ಸಾಧನಗಳಿಗೆ ಶೀಘ್ರ ತೆಗೆಯುವಿಕೆ ಎಂಬ ನೀತಿ ತಾನಾಗಿಯೇ ಅನ್ವಯವಾಗುತ್ತದೆ. ಇದರಲ್ಲಿ ಬರೆಯಬೇಕಾದ ದತ್ತಾಂಶವನ್ನು ಮೆಮೊರಿಯಲ್ಲಿ ತಡೆದಿಟ್ಟುಕೊಳ್ಳದೆ ಕೂಡಲೇ ಸಾಧನಕ್ಕೆ ಕಳುಹಿಸುವುದರಿಂದ, ಯಾವ ಕೆಲಸವೂ ನಡೆಯದಿರುವಾಗ ಸಾಧನವನ್ನು ಎಳೆದರೆ ಅಪಾಯ ಕಡಿಮೆ. ಯಾವ ಕೆಲಸವೂ ನಡೆಯುತ್ತಿಲ್ಲ ಎಂಬುದನ್ನು ನಾವು ಹೊರಗಿನಿಂದ ಖಚಿತವಾಗಿ ತಿಳಿಯಲಾರೆವು ಎಂಬುದೇ ಕಷ್ಟ.

ಲಿನಕ್ಸ್‌ನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬರೆಯಬೇಕಾದ ದತ್ತಾಂಶವು ಮೆಮೊರಿಯಲ್ಲಿ ಸಾಲುಗಟ್ಟಿ ನಿಲ್ಲುತ್ತದೆ. ಕರ್ನೆಲ್‌ನ ಮೂಲ ಹೊಂದಾಣಿಕೆಗಳಲ್ಲಿ 5 ಸೆಕೆಂಡಿಗೊಮ್ಮೆ ಎಚ್ಚರಗೊಳ್ಳುವ ಕೆಲಸಗಾರನೊಂದು 30 ಸೆಕೆಂಡಿಗಿಂತ ಹಳೆಯದಾದ ದತ್ತಾಂಶವನ್ನು ಹೊರಗೆ ಕಳುಹಿಸುತ್ತದೆ, ಮತ್ತು ಲಭ್ಯ ಮೆಮೊರಿಯ ಶೇಕಡ 20ರಷ್ಟು ದತ್ತಾಂಶ ಹೀಗೆ ಕಾಯುತ್ತಿರಬಹುದು. 16 ಜಿಬಿ ಮೆಮೊರಿಯ ಕಂಪ್ಯೂಟರಿನಲ್ಲಿ ಇದು 3 ಜಿಬಿಯ ಹತ್ತಿರಕ್ಕೂ ಹೋಗಬಹುದು. ಸೆಕೆಂಡಿಗೆ 10 ಎಂಬಿ ಬರೆಯುವ ನಿಧಾನದ ಪೆನ್‌ಡ್ರೈವ್‌ಗೆ ಅಷ್ಟನ್ನು ಬರೆಯಲು 5 ನಿಮಿಷ ಬೇಕು. ಪ್ರಗತಿಯ ಪಟ್ಟಿ ಮಿಂಚಿನಂತೆ ಓಡಿ ಕೊನೆಯಲ್ಲಿ ಅಲುಗಾಡದೆ ನಿಂತುಬಿಡುವುದನ್ನೂ, ಇಜೆಕ್ಟ್ ಒತ್ತಿದ ಮೇಲೆ ಬಹಳ ಹೊತ್ತು ಏನೂ ಆಗದಿರುವುದನ್ನೂ ನೀವು ಕಂಡಿರಬಹುದು; ಆಗ ನಿಜವಾದ ಬರವಣಿಗೆ ನಡೆಯುತ್ತಿರುತ್ತದೆ. ಹಲವು ವ್ಯವಸ್ಥೆಗಳು ಫ್ಯಾಟ್ ಎಂಬ ಕಡತವ್ಯವಸ್ಥೆಯ (ಡಿಸ್ಕ್ ಮೇಲೆ ಕಡತಗಳನ್ನು ಜೋಡಿಸಿಡುವ ಕ್ರಮದ) ಪೆನ್‌ಡ್ರೈವ್‌ಗಳನ್ನು ಬೇಗ ಬರೆದು ಮುಗಿಸುವ ಆಯ್ಕೆಯೊಂದಿಗೆ ಮೌಂಟ್ ಮಾಡುವುದರಿಂದ ಕಾಯುವ ಅವಧಿ ತಗ್ಗಬಹುದು, ಆದರೆ ಅದನ್ನು ನೆಚ್ಚಿಕೊಂಡು ಸಾಧನವನ್ನು ಎಳೆಯಬಾರದು.

ಇದೇ ಕಾರಣಕ್ಕೆ, ಬೆಲೆಕಟ್ಟಲಾಗದ ಕಡತಗಳನ್ನು ಪೆನ್‌ಡ್ರೈವ್‌ಗೆ ಕಟ್ ಮಾಡಿ ಸಾಗಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಸಾಗಿಸುವುದೆಂದರೆ ಮೊದಲು ನಕಲಿಸಿ ಆಮೇಲೆ ಮೂಲವನ್ನು ಅಳಿಸುವುದೇ ಆಗಿದೆ. ನಕಲು ಕರ್ನೆಲ್‌ನ ಮೆಮೊರಿಯಲ್ಲಿ ಕಾಯುತ್ತಿರುವಾಗಲೇ ಮೂಲ ಅಳಿಸಿಹೋಗಿ, ಅದೇ ಹೊತ್ತಿಗೆ ಯಾರೋ ಪೆನ್‌ಡ್ರೈವನ್ನು ಎಳೆದರೆ ಎರಡೂ ಕಡೆ ಕಡತ ಇಲ್ಲವಾಗುತ್ತದೆ. ನಕಲಿಸಿ, ಇಜೆಕ್ಟ್ ಮಾಡಿ, ಮತ್ತೆ ಜೋಡಿಸಿ, ಕಡತವನ್ನು ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಿ, ಅನಂತರವೇ ಮೂಲವನ್ನು ಅಳಿಸಿ.

ಪ್ರಶ್ನೆ: ಸಾಧನ ಬಳಕೆಯಲ್ಲಿದೆ, ತೆಗೆಯಲಾಗದು ಎಂಬ ಸಂದೇಶ ಬರುತ್ತದೆ. ಎಲ್ಲ ಕಡತಗಳನ್ನೂ ಮುಚ್ಚಿದ್ದೇನೆ. ಯಾರು ಬಳಸುತ್ತಿದ್ದಾರೆಂದು ತಿಳಿಯುವುದು ಹೇಗೆ?

ಉತ್ತರ: ಲಿನಕ್ಸ್‌ನಲ್ಲಿ ಎಲ್‌ಎಸ್‌ಒಎಫ್ ಅಥವಾ ಫ್ಯೂಸರ್ ಎಂಬ ಆದೇಶಕ್ಕೆ ಮೌಂಟ್ ಆದ ಜಾಗವನ್ನು ತೋರಿಸಿದರೆ ಅದನ್ನು ಹಿಡಿದಿರುವ ಪ್ರೋಸೆಸ್‌ನ ಹೆಸರು ಸಿಗುತ್ತದೆ. ಆ ಫೋಲ್ಡರ್‌ನಲ್ಲೇ ನಿಂತಿರುವ ಟರ್ಮಿನಲ್, ಕಿರುನೋಟಗಳನ್ನು ತಯಾರಿಸುತ್ತಿರುವ ಟಂಬ್ಲರ್ ಸೇವೆ, ವಿಡಿಯೊವನ್ನು ನಿಲ್ಲಿಸಿದ್ದರೂ ಮುಚ್ಚದೆ ಬಿಟ್ಟ ಪ್ಲೇಯರ್, ಇವು ಸಾಮಾನ್ಯವಾಗಿ ಸಿಕ್ಕಿಬೀಳುವಂಥವು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ಕರ್ನೆಲ್-ಪಿಎನ್‌ಪಿ ಮೂಲದ 225 ಸಂಖ್ಯೆಯ ದಾಖಲೆಯನ್ನು ನೋಡಿದರೆ ತೆಗೆಯುವಿಕೆಯನ್ನು ತಡೆದ ತಂತ್ರಾಂಶದ ಹೆಸರು ಅಲ್ಲಿರುತ್ತದೆ. ಸೋಮಾರಿ ಅನ್‌ಮೌಂಟ್ ಎಂಬ ಆಯ್ಕೆಯೊಂದು ಲಿನಕ್ಸ್‌ನಲ್ಲಿದೆ. ಅದು ಸಾಧನವನ್ನು ಪಟ್ಟಿಯಿಂದ ಮರೆಮಾಡುತ್ತದೆಯೇ ಹೊರತು ತೆರೆದಿರುವ ಕಡತಗಳ ಕೆಲಸ ಮುಗಿಯಿತೆಂದು ಖಾತರಿ ಕೊಡುವುದಿಲ್ಲ. ಪೆನ್‌ಡ್ರೈವ್ ತೆಗೆಯಲು ಅದನ್ನು ಬಳಸಲೇಬೇಡಿ.

ಪ್ರಶ್ನೆ: ನಕಲಿಸುತ್ತಿರುವಾಗಲೇ ಪೆನ್‌ಡ್ರೈವ್ ಕಳಚಿಕೊಂಡಿತು. ಈಗ ಜೋಡಿಸಿದರೆ ಕೆಲವು ಕಡತಗಳು ಸೊನ್ನೆ ಗಾತ್ರದವಾಗಿ ಕಾಣುತ್ತಿವೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳುತ್ತಿದೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಮಾಡಬೇಡಿ, ಆ ಪ್ರಶ್ನೆಗೆ ಬೇಡವೆಂದು ಉತ್ತರಿಸಿ. ಅದರ ಮೇಲೆ ಹೊಸದಾಗಿ ಏನನ್ನೂ ಬರೆಯಬೇಡಿ. ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಕಡತವ್ಯವಸ್ಥೆಗಳಲ್ಲಿ, ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಟ್4ಗಳಲ್ಲಿರುವಂತೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಬರೆದಿಡುವ ಜರ್ನಲ್ ಇರುವುದಿಲ್ಲ. ಹೀಗಾಗಿ ನಡುವೆ ತುಂಡಾದ ಕೆಲಸವನ್ನು ಅವು ತಾವಾಗಿಯೇ ಸರಿಪಡಿಸಿಕೊಳ್ಳಲಾರವು. ಸರಿಯಾಗಿ ಅನ್‌ಮೌಂಟ್ ಆಗಿಲ್ಲವೆಂಬ ಗುರುತೊಂದನ್ನು ಮಾತ್ರ ಉಳಿಸಿಕೊಂಡಿರುತ್ತವೆ, ಜೋಡಿಸಿದಾಗ ಬರುವ ಎಚ್ಚರಿಕೆಗೆ ಅದೇ ಕಾರಣ.

ಕಡತಗಳ ಮೂಲ ನಿಮ್ಮ ಕಂಪ್ಯೂಟರಿನಲ್ಲಿ ಇನ್ನೂ ಇದ್ದರೆ ಚಿಂತೆಯಿಲ್ಲ. ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯ ಫಸ್ಟ್ ಏಡ್, ಲಿನಕ್ಸ್‌ನಲ್ಲಿ ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡಿದ ಸ್ಥಿತಿಯಲ್ಲಿ ಎಫ್‌ಎಸ್‌ಸಿಕೆ ಓಡಿಸಿ, ಕಡತಗಳನ್ನು ಮತ್ತೆ ನಕಲಿಸಿ. ಮೂಲ ಬೇರೆಲ್ಲೂ ಇಲ್ಲದಿದ್ದರೆ ಕ್ರಮವನ್ನು ಬದಲಿಸಬೇಕು. ದುರಸ್ತಿ ಮಾಡುವ ಈ ಉಪಕರಣಗಳ ಗುರಿ ಕಡತವ್ಯವಸ್ಥೆಯನ್ನು ಸುಸಂಗತಗೊಳಿಸುವುದು, ನಿಮ್ಮ ಕಡತವನ್ನು ಉಳಿಸುವುದಲ್ಲ. ಹೊಂದಿಕೆಯಾಗದ ತುಣುಕುಗಳನ್ನು ಅವು ಕತ್ತರಿಸಿಹಾಕಬಲ್ಲವು. ಆದ್ದರಿಂದ ಮೊದಲು ಇಡೀ ಪೆನ್‌ಡ್ರೈವ್‌ನ ಪ್ರತಿಬಿಂಬವನ್ನು ಒಂದು ಕಡತವಾಗಿ ಬೇರೆ ಡಿಸ್ಕ್‌ಗೆ ತೆಗೆದುಕೊಳ್ಳಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಇದಕ್ಕೆ ಸೂಕ್ತ. ಆಮೇಲೆ ಆ ಪ್ರತಿಬಿಂಬದ ಇನ್ನೊಂದು ನಕಲಿನ ಮೇಲೆ ಫೋಟೋರೆಕ್ ಅಥವಾ ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶದಿಂದ ಹುಡುಕಿ. ಸೊನ್ನೆ ಗಾತ್ರ ತೋರಿಸುವ ಕಡತದ ದತ್ತಾಂಶವು ಕೆಲವೊಮ್ಮೆ ಪೆನ್‌ಡ್ರೈವ್ ಮೇಲೆ ಬರೆಯಲ್ಪಟ್ಟಿದ್ದು, ಅದರ ವಿಳಾಸವನ್ನು ಪಟ್ಟಿಗೆ ಸೇರಿಸುವ ಕೊನೆಯ ಹೆಜ್ಜೆಯಷ್ಟೇ ಬಾಕಿ ಉಳಿದಿರುತ್ತದೆ. ಅಂಥದ್ದು ಮರಳಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಮೆಮೊರಿಯಿಂದ ಹೊರಡದೇ ಹೋದ ದತ್ತಾಂಶವನ್ನು ಮಾತ್ರ ಯಾವ ತಂತ್ರಾಂಶವೂ ತರಲಾರದು.

ಪ್ರತಿಬಿಂಬ ತೆಗೆಯುವಾಗ ಓದುವ ದೋಷಗಳು ಮೇಲಿಂದ ಮೇಲೆ ಬಂದರೆ, ಅಥವಾ ಪೆನ್‌ಡ್ರೈವ್ ತಾನಾಗಿಯೇ ಓದಲು ಮಾತ್ರ ಬಿಡುವ ಸ್ಥಿತಿಗೆ ಹೋಗಿದ್ದರೆ, ಅದರೊಳಗಿನ ಚಿಪ್ಪೇ ಸವೆದಿರಬಹುದು. ಆಗ ಸಿಕ್ಕಷ್ಟು ಕಡತಗಳನ್ನು ಕೂಡಲೇ ಹೊರತೆಗೆದು, ಆ ಪೆನ್‌ಡ್ರೈವನ್ನು ಮತ್ತೆ ಬಳಸದೆ ತೆಗೆದಿಡಿ.